ನಾಲ್ಕು ಗಂಟೆಯ ಸಪ್ಪಳ

"ಇದು ಓಡಂಗಿಲ್ಲ ಅಂತ ನೋಡಿ ಹೇಳ್ರಿ. ಅಷ್ಟ ಸಾಕು."

ರಟ್ಟಿನ ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಆ ಹೆಣ್ಣುಮಗಳು ಹೇಳಿದ ಮಾತನ್ನು ದುರಗೇಶ ತಪ್ಪಾಗಿ ಕೇಳಿಸಿಕೊಂಡ. ಶ್ರೀರಾಮನಗರದ ಕಾಲುವೆ ರಸ್ತೆಯಲ್ಲಿ ಹನ್ನೊಂದು ವರ್ಷದಿಂದ ಅವನದು ಒಂದೇ ಕೆಲಸ. ಭತ್ತಕ್ಕೆ ಔಷಧ ಹೊಡೆಯುವ ಪಂಪು, ಹುಲ್ಲು ಕತ್ತರಿಸುವ ಮಷೀನುಗಳ ಇಂಜಿನ್ ಬಿಚ್ಚುವುದು, ಕೂಡಿಸುವುದು. ಅಲ್ಲಿಗೆ ಬಂದವರೆಲ್ಲ ಓಡುವ ಹಾಗೆ ಮಾಡಿಕೊಡು ಎಂದೇ ಕೇಳುತ್ತಿದ್ದರು.

"ಓಡಸ್ತೀನ್ರಿ. ಎರಡು ದಿವಸ ಬಿಟ್ಟು ಬರ್ರಿ."

"ಓಡಸಬ್ಯಾಡ್ರಿ." ಅವಳು ಡಬ್ಬಿಯ ಮೇಲಿನ ಕೈ ತೆಗೆದಿರಲಿಲ್ಲ. "ಓಡಾಕ ಸಾಧ್ಯನ ಇಲ್ಲ ಅಂತ ಹೇಳ್ರಿ."

ಆಗ ಅವನು ತಲೆಯೆತ್ತಿ ನೋಡಿದ. ಮೂವತ್ತರ ಆಸುಪಾಸಿನ ಮುಖ, ಬಸ್ಸಿನ ಧೂಳು ಮೆತ್ತಿದ ನೀಲಿ ಓಢಣಿ. ನಿದ್ದೆಗೆಟ್ಟ ಕಣ್ಣು. ಆದರೂ ಆ ಕಣ್ಣು ಅವನನ್ನು ಅಳೆಯುತ್ತಿತ್ತು, ಇವನು ನಗುತ್ತಾನೋ ಇಲ್ಲವೋ ಎಂದು. ದುರಗೇಶ ನಗಲಿಲ್ಲ.

ಡಬ್ಬಿಯೊಳಗೆ ಮೊಳದುದ್ದದ ಕಾರು. ರಿಮೋಟಿನಿಂದ ಓಡಿಸುವಂಥದು. ಬ್ಯಾಟರಿಯದಲ್ಲ, ನಿಂಬೆಹಣ್ಣಿನಷ್ಟು ದಪ್ಪದ ನಿಜವಾದ ಇಂಜಿನ್ ಇರುವ ನೈಟ್ರೋ ಕಾರು. ಹೆಸರು ಕೇಳಿದ್ದಕ್ಕೆ ಶೋಭಾರಾಣಿ ಎಂದಳು. ಕೊಪ್ಪಳದ ದವಾಖಾನೆಯೊಂದರಲ್ಲಿ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ. ಕಾರು ಅವಳ ಗಂಡ ಕಲ್ಲೇಶನದು. ಅವನು ತೀರಿಕೊಂಡು ಮೂರು ವರ್ಷ.

"ಆವತ್ತಿಂದ ಇದನ್ನ ಯಾರೂ ಮುಟ್ಟಿಲ್ಲ. ಆದ್ರ ದಿನಾ ನಾಲ್ಕು ಗಂಟಿಗೆ ಇದು ಓಡೋ ಸಪ್ಪಳ ಕೇಳ್ತೈತ್ರಿ ನನಗ. ಮನ್ಯಾಗಿದ್ರ ಮನ್ಯಾಗ, ಡ್ಯೂಟಿ ಮ್ಯಾಲಿದ್ರ ಅಲ್ಲಿ. ಇಂಜಿನ್ ಗೊತ್ತಿದ್ದವ್ರೊಬ್ಬರು ಓಡಂಗಿಲ್ಲ ಅಂದ್ರ, ತಲಿ ನಂದ ಕೆಟ್ಟೈತಿ ಅಂತ ಡಾಕ್ಟರ್ ಕಡೆ ಹೋಗ್ತೀನಿ."

ಹೇಳಿ ಹನ್ನೆರಡರ ಬಸ್ಸಿಗೆ ಹೋದಳು.

ಊಟ ಮುಗಿಸಿ ದುರಗೇಶ ಇಂಜಿನ್ ಬಿಚ್ಚಲು ಕೂತ. ಇಂಧನದಲ್ಲಿದ್ದ ಹರಳೆಣ್ಣೆ ಒಣಗಿ ಅಂಟಾಗಿ ಪಿಸ್ಟನ್ನನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಬಿಸಿಗಾಳಿ ಹಾಯಿಸಿದ ಮೇಲೆ ಬಿಟ್ಟಿತು. ಮೇಲಿನ ಮುಚ್ಚಳವಾದ ಹೆಡ್ ತೆಗೆದು ನೋಡಿದರೆ ಪ್ಲಗ್ಗಿನ ತಂತಿ ಸುಟ್ಟು ಕರಕಲಾಗಿದೆ. ಒಳ್ಳೆಯ ಇಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಬರುತ್ತ, ತಾನು ಓಡಾಡುವ ಕೊಳವೆಯಾದ ಸ್ಲೀವಿನ ತುದಿಯಲ್ಲಿ ಕಚ್ಚಿ ಹಿಡಿಯಬೇಕು. ಇಲ್ಲಿ ಆ ಹಿಡಿತವೇ ಇರಲಿಲ್ಲ. ಪಿಸ್ಟನ್ನಿನ ರಾಡಿನ ತೂತು ಸವೆದು ಮೊಟ್ಟೆಯಾಕಾರವಾಗಿತ್ತು. ಹಿಂದಿನ ಬೇರಿಂಗು ತುಕ್ಕು.

ಓಡಲು ಸಾಧ್ಯವೇ ಇಲ್ಲ. ಬಿಡಿಭಾಗಗಳನ್ನು ಸೀಮೆಎಣ್ಣೆಯ ತಟ್ಟೆಯಲ್ಲಿ ನೆನೆಯಿಟ್ಟು, ಫೋನ್ ಮಾಡಿ ಹೇಳೋಣವೆಂದು ಕೈ ಒರೆಸಿಕೊಂಡ.

ಆಗ, ಸರಿಯಾಗಿ ನಾಲ್ಕಕ್ಕೆ, ಕೇಳಿಸಿತು.

ಮೊದಲು ಸೊಳ್ಳೆಯಷ್ಟು ಸಣ್ಣಗೆ. ಆಮೇಲೆ ಏರಿತು. ಕಿವಿಯಲ್ಲಿ ದಬ್ಬಣ ಚುಚ್ಚಿದ ಹಾಗೆ, ಹಸಿದ ಇಂಜಿನ್ನಿನ ತೆಳುವಾದ ಚೀರಾಟ. ರಸ್ತೆಯಲ್ಲಿ ಏನೂ ಇರಲಿಲ್ಲ. ಎದುರಿನ ಚಹಾದಂಗಡಿಯಲ್ಲಿ ಲಾಲಬೀ ಹಾಲು ಕಾಯಿಸುತ್ತ ನಿಂತಿದ್ದಳು.

"ಲಾಲಬೀ, ಇದೇನ ಸಪ್ಪಳಾ?"

"ಯಾವ ಸಪ್ಪಳೋ? ಅಕ್ಕಿ ಮಿಲ್ ಬಂದ್ ಐತಿ ಇವತ್ತ. ಗಪ್‌ಚಿಪ್ ಐತಲ್ಲೋ ಊರೆಲ್ಲ."

ಅವನು ಬೆಂಚಿನ ಹತ್ತಿರ ಬಂದು ತಟ್ಟೆಯಲ್ಲಿನ ಹೆಡ್ಡನ್ನು ಮುಟ್ಟಿ, ಸರಕ್ಕನೆ ಕೈ ಹಿಂದೆಳೆದುಕೊಂಡ. ಶಾಖ ಅಳೆಯುವ ಗನ್ ಹಿಡಿದು ನೋಡಿದ. ತೊಂಬತ್ತಾರು ಡಿಗ್ರಿ. ಪಿಸ್ಟನ್ ಇಲ್ಲದ, ಎಣ್ಣೆ ಇಲ್ಲದ, ಬಿಚ್ಚಿ ಹರವಿಟ್ಟ ಇಂಜಿನ್ನಿನ ಹೆಡ್ಡು. ಅದರ ಸುತ್ತ ಸೀಮೆಎಣ್ಣೆ ತಣ್ಣಗೆ ನಿಂತಿತ್ತು.

ಅವನು ಫೋನ್ ಮಾಡಿದ. ಮೊದಲ ರಿಂಗಿಗೇ ಶೋಭಾರಾಣಿ ಎತ್ತಿದಳು. ಅವಳ ಉಸಿರಿನ ಹಿಂದೆ ಅದೇ ಸಪ್ಪಳ, ಅದೇ ಏರು. ನಲವತ್ತು ಮೈಲಿಯ ಅಂತರದಲ್ಲಿ ಎರಡೂ ಕಡೆ ಒಂದೇ ಹೊತ್ತಿಗೆ ಮೇಲೇರಿ, ನಿಲ್ಲದೆ, ಎಲ್ಲೋ ದೂರ ಸರಿದು ಹೋಯಿತು.

"ನಿಮಗೂ ಕೇಳಿಸ್ತೇನ್ರಿ?" ಎಂದಳು.

"ಕೇಳಿಸ್ತ್ರಿ."

ಆ ಕಡೆ ಬಹಳ ಹೊತ್ತು ಅಳು. ಹೆದರಿಕೆಯ ಅಳುವಲ್ಲ ಅದು. ಮೂರು ವರ್ಷ ಒಬ್ಬಳೇ ಹೊತ್ತ ಭಾರಕ್ಕೆ ಯಾರೋ ಒಂದು ಕೈ ಕೊಟ್ಟಾಗ ಬರುವಂಥದು. ದುರಗೇಶ ಫೋನ್ ಇಡಲಿಲ್ಲ.

ಮುಂದಿನ ಭಾನುವಾರ ಅವಳು ಬಂದಾಗ ಅವನು ತನಗೆ ತಿಳಿದದ್ದನ್ನು ಹೇಳಿದ.

"ಟ್ಯಾಂಕಿನ್ಯಾಗ ಎಣ್ಣಿ ತೀರಾಕ ಬಂದಾಗ ಇಂಜಿನ್ ಹಿಂಗ ಕೂಗ್ತೈತ್ರಿ. ಒಂದರ್ಧ ನಿಮಿಷ. ಆಮ್ಯಾಲೆ ಟಕ್ ಅಂತ ನಿಂದ್ರಬೇಕು. ಇದು ನಿಂದ್ರವಲ್ದು."

ಶೋಭಾರಾಣಿ ಸ್ಟೂಲಿನ ಮೇಲೆ ಮೆಲ್ಲಗೆ ಕೂತಳು. ಯಾರಿಗೂ ಹೇಳದ್ದನ್ನು ಆಗ ಹೇಳಿದಳು. ಕೊಪ್ಪಳದ ಹೊರಗೆ ಕುಷ್ಟಗಿ ರಸ್ತೆಯಲ್ಲಿ ಪ್ಲಾಟು ಮಾಡಿ ಡಾಂಬರು ಹಾಕಿ, ಒಂದೂ ಮನೆ ಏಳದ ಲೇಔಟು ಇದೆ. ಕಲ್ಲೇಶ ಭಾನುವಾರ ಅಲ್ಲಿ ಕಾರು ಓಡಿಸುತ್ತಿದ್ದ. ಆವತ್ತು ನೀನೂ ಬಾ ಎಂದು ಕರೆದಿದ್ದ. ಆಟಿಕೆ ಸಾಮಾನಿನ ಹಿಂದೆ ನಾನು ಬರುವುದಿಲ್ಲ ಎಂದು ಇವಳು ಬಾಗಿಲು ಹಾಕಿಕೊಂಡಿದ್ದಳು. ಅಲ್ಲಿ ನಾಲ್ಕು ಗಂಟೆಗೆ ಅವನ ಎದೆಬಡಿತ ನಿಂತಿತು. ಕುರಿ ಕಾಯುವ ಹುಚ್ಚೀರಪ್ಪ ದೂರದಿಂದ ನೋಡಿ ಓಡಿಬಂದಾಗ ಅವನು ಅಂಗಾತ ಬಿದ್ದಿದ್ದ. ರಿಮೋಟು ಕೈಯಲ್ಲಿ ಬಿಗಿಯಾಗಿತ್ತು. ಕಾರು ಅವನ ಸುತ್ತ ಗುಂಡಗೆ ತಿರುಗುತ್ತಲೇ ಇತ್ತು.

"ಎಣ್ಣಿ ತೀರೂ ತನಕ ತಿರಗ್ತಂತ್ರಿ. ನಾನಿದ್ದಿದ್ರ ನಿಲ್ಲಸ್ತಿದ್ದೆ."

ದುರಗೇಶ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟ. "ಅಂದ್ರ ಇದನ್ನ ನೀವ ನಿಲ್ಲಸಬೇಕು. ನಿಲ್ಲಸಬೇಕಂದ್ರ ಮೊದಲ ಓಡಸಬೇಕು."

ಅವಳು ಅವನನ್ನೇ ನೋಡಿದಳು. ಆಮೇಲೆ ಒಂದು ಸಲ ತಲೆಯಾಡಿಸಿದಳು.

ಹಾಗೆ ಭಾನುವಾರಗಳು ಶುರುವಾದವು. ಗಂಗಾವತಿಯಲ್ಲಿ ಬಸ್ಸು ಬದಲಿಸಿ ಅವಳು ಹತ್ತಕ್ಕೆಲ್ಲ ಬರುತ್ತಿದ್ದಳು. ಅವನು ಇಂಜಿನ್ನಿನ ಕೇಸನ್ನು ಕಾಯಿಸಿ, ಹಲಗೆಯ ಮೇಲೆ ಕುಟ್ಟಿ, ತುಕ್ಕು ಹಿಡಿದ ಬೇರಿಂಗನ್ನು ಉದುರಿಸುವುದನ್ನು ಕೆನ್ನೆಗೆ ಕೈಕೊಟ್ಟು ನೋಡುತ್ತಿದ್ದಳು.

"ಇಂಜಿನ್ ಜೋಡಿ ಗುಣುಗುಣು ಮಾತಾಡ್ತೀರಿ. ನನ್ನ ಜೋಡಿ ಯಾಕ ಆಡಂಗಿಲ್ಲ?"

"ಇಂಜಿನ್ ಸುಳ್ಳು ಹೇಳಂಗಿಲ್ರಿ."

"ನಾ ಏನು ಸುಳ್ಳು ಹೇಳೀನಿ?"

"ಊಟ ಆಗೈತಿ ಅಂತೀರಿ. ಆಗಿರಂಗಿಲ್ಲ."

ಅವಳು ಸೋತು ನಕ್ಕಳು. ನಗುವಾಗ ಎಡಗೆನ್ನೆಯಲ್ಲಷ್ಟೇ ಕುಳಿ ಬೀಳುವುದನ್ನು ಅವನು ಸ್ಲೀವಿನ ಒಳಮೈ ನೋಡುವ ನೆಪದಲ್ಲಿ ನೋಡಿದ. ಅವಳಿಗೆ ತಿಳಿಯಿತು. ಓಢಣಿ ಸರಿಮಾಡಿಕೊಂಡಳು, ಆದರೆ ಮುಖ ತಿರುಗಿಸಲಿಲ್ಲ.

ನಾಲ್ಕಾದ ಕೂಡಲೇ ಇಬ್ಬರೂ ಕೈಯಲ್ಲಿನ ಕೆಲಸ ಬಿಟ್ಟು ಕಿವಿಗೊಡುತ್ತಿದ್ದರು. ಸಪ್ಪಳ ಬರುತ್ತಿತ್ತು, ವಾರದಿಂದ ವಾರಕ್ಕೆ ಹತ್ತಿರವಾಗಿ. ಹೊಸ ರಾಡು ಹಾಕಿದ ಭಾನುವಾರ ಅದು ಅಂಗಡಿಯ ತಗಡಿನ ಮೇಲಿತ್ತು. ಪಿಸ್ಟನ್ನು ಸ್ಲೀವು ಕೂಡಿಸಿದ ಭಾನುವಾರ ಬೆಂಚಿನ ಕೆಳಗಿತ್ತು. ಆವತ್ತು ಯಾರೂ ಮುಟ್ಟದೆ ಇಂಜಿನ್ನಿನ ಚಕ್ರ ಕಾಲು ಸುತ್ತು ತಿರುಗಿ ನಿಂತಿತು. ಅವಳು ಅವನ ತೋಳು ಹಿಡಿದಳು. ಸಪ್ಪಳ ದೂರವಾದ ಮೇಲೂ ಬಿಡಲಿಲ್ಲ.

ದುರಗೇಶನಿಗೆ ಈಗ ಬೇರೊಂದು ಹೆದರಿಕೆ. ಇಂಜಿನ್ ಮುಗಿದರೆ ಇವಳಿಗೆ ಶ್ರೀರಾಮನಗರದಲ್ಲಿ ಏನು ಕೆಲಸ? ಹೈದರಾಬಾದಿನಿಂದ ಕಡೆಯ ಬೇರಿಂಗು ಬಂದಾಗ ಅವನು ಅದನ್ನು ಗಲ್ಲಾಪೆಟ್ಟಿಗೆಯೊಳಗೆ ಇಟ್ಟು ಕೀಲಿ ಹಾಕಿದ. ಬಂದಿಲ್ಲ ಎಂದ. ಅವಳ ಕಣ್ಣ ಕೆಳಗಿನ ಕಪ್ಪು ಇನ್ನೂ ಹಾಗೇ ಇರುವುದನ್ನು ಕಂಡು ಮುಂದಿನ ವಾರ ತಡೆಯಲಾರದೆ ಹೇಳಿಬಿಟ್ಟ.

"ಬೇರಿಂಗು ಬಂದು ಎಂಟು ದಿವಸ ಆತ್ರಿ. ನಾನ ಮುಚ್ಚಿಟ್ಟಿದ್ದೆ."

"ಯಾಕ್ರಿ?" ಎಂದಳು. ಅವನು ಗಲ್ಲಾಪೆಟ್ಟಿಗೆಯ ಕೀಲಿ ತೆಗೆಯತೊಡಗಿದಾಗ, "ಹೋದ ಭಾನುವಾರನ ನನಗ ಗೊತ್ತಿತ್ರಿ. ಲಾಲಬೀ ಹೇಳಿದ್ರು, ಪಾರ್ಸಲ್ ಬಂದೈತಿ ಅಂತ."

"ಮತ್ತ ಕೇಳಲಿಲ್ಲ?"

"ನನಗೂ ಒಂದು ವಾರ ಬೇಕಾಗಿತ್ತು." ಅಷ್ಟು ಹೇಳಿ ಅವಳು ತಟ್ಟೆಯೊಳಗಿನ ಸ್ಕ್ರೂಗಳನ್ನು ಜೋಡಿಸತೊಡಗಿದಳು. ಕಿವಿ ಕೆಂಪಾಗಿತ್ತು.

ಗುಲಾಬಿ ಬಣ್ಣದ ನೈಟ್ರೋ ಇಂಧನ ಹಾಕಿ ಇಂಜಿನ್ನನ್ನು ಪಳಗಿಸಲು ಇನ್ನೂ ಎರಡು ಭಾನುವಾರ ಹಿಡಿಯಿತು. ಬೇಕಾದುದಕ್ಕಿಂತ ಹೆಚ್ಚೇ ಎಣ್ಣೆ ಕುಡಿಸಿ, ಹೊಗೆಯಾಡಿಸುತ್ತ ನಿಧಾನ ಓಡಿಸಬೇಕು. ಆರಿಸಿ, ಪಿಸ್ಟನ್ನನ್ನು ಸ್ಲೀವಿನ ತಳಕ್ಕಿಳಿಸಿ ತಣಿಸಬೇಕು. ಮತ್ತೆ ಓಡಿಸಬೇಕು.

"ಹೊಸಾ ಪಿಸ್ಟನ್ನಿಗೂ ಸ್ಲೀವಿಗೂ ಪರಿಚಯ ಆಗಬೇಕ್ರಿ. ಅವಸರ ಮಾಡಿದ್ರ ಒಂದನ್ನೊಂದು ತಿಂತಾವ."

"ಎಷ್ಟು ಪರಿಚಯ ಆದ್ರ ಸಾಕ್ರಿ?" ಅವಳು ಕೇಳಿದ್ದು ಇಂಜಿನ್ನಿನ ಬಗ್ಗೆ ಅಲ್ಲವೆಂದು ಅವನಿಗೆ ಗೊತ್ತಾಯಿತು.

ಮರುವಾರ ಇಬ್ಬರೂ ಕುಷ್ಟಗಿ ರಸ್ತೆಯ ಆ ಲೇಔಟಿಗೆ ಹೋದರು. ಡಾಂಬರು ರಸ್ತೆಗಳು ಯಾವ ಮನೆಗೂ ಹೋಗದೆ ಒಂದನ್ನೊಂದು ಕತ್ತರಿಸುತ್ತಿದ್ದವು. ನಂಬರು ಬರೆದ ಕಲ್ಲುಗಳು ಸಾಲಾಗಿ ನಿಂತಿದ್ದವು. ಬಿಸಿಲಿತ್ತು, ಗಾಳಿ ಇರಲಿಲ್ಲ. ನಾಲ್ಕಕ್ಕೆ ಕೆಲವು ನಿಮಿಷ ಮೊದಲು ದುರಗೇಶ ಇಂಜಿನ್ ಚಾಲೂ ಮಾಡುವ ಹಗ್ಗ ಎಳೆದ. ಮೂರನೆಯ ಎಳೆತಕ್ಕೆ ಇಂಜಿನ್ ಹೊತ್ತಿಕೊಂಡಿತು.

ರಿಮೋಟು ಶೋಭಾರಾಣಿಯ ಕೈಯಲ್ಲಿ. ಕಾರು ಹೇಳಿದಂತೆ ಕೇಳಿತು. ಹೋಗು ಎಂದರೆ ಹೋಯಿತು, ತಿರುಗು ಎಂದರೆ ತಿರುಗಿತು. ಆಮೇಲೆ ಕೇಳಲಿಲ್ಲ.

"ನಾ ಏನೂ ಮಾಡವಲ್ಲೆ," ಎಂದಳು. ಅವಳ ಬೆರಳು ಗುಂಡಿಯ ಮೇಲೆ ಇರಲೇ ಇಲ್ಲ. ಕಾರು ಮೂವತ್ತು ಮಾರು ಆಚೆ ಬರಿ ನೆಲದ ಒಂದು ಜಾಗದ ಸುತ್ತ ಗುಂಡಗೆ ತಿರುಗತೊಡಗಿತ್ತು. ನಡುವೆ ಏನೂ ಇರಲಿಲ್ಲ. ಆದರೆ ಏನೋ ಮಲಗಿದೆ ಎಂಬಂತೆ ಅದು ಆ ಜಾಗವನ್ನು ಬಳಸಿ ಹೋಗುತ್ತಿತ್ತು. ಎಣ್ಣೆ ತೀರುತ್ತ ಬಂತು. ದನಿ ತೆಳುವಾಯಿತು, ಏರಿತು. ಈ ಸಲ ಒಂದಲ್ಲ, ಎರಡು ಇಂಜಿನ್ನಿನ ಕೂಗು. ಒಂದು ಕಣ್ಣೆದುರಿನದು. ಇನ್ನೊಂದು ಅದಕ್ಕೆ ತುಸು ಹಿಂದೆ, ಮೂರು ವರ್ಷದಿಂದ ಓಡಿ ಬರುತ್ತಿರುವುದು.

ಓಡಿಹೋಗಿ ಹಿಡಿಯಬೇಕೆಂದು ದುರಗೇಶ ಹೆಜ್ಜೆ ಎತ್ತಿದ. ಅವನು ತಡೆದುಕೊಂಡ. ಇದು ಅವಳ ಕೆಲಸ.

ಶೋಭಾರಾಣಿ ರಿಮೋಟು ನೆಲಕ್ಕಿಟ್ಟು ನಡೆದಳು. ಕಾರು ತಿರುಗುತ್ತಿದ್ದ ವೃತ್ತದೊಳಗೆ ಕಾಲಿಟ್ಟು ಮೊಣಕಾಲೂರಿದಳು. ಕಾರು ಬಂದ ಕೂಡಲೇ ಎರಡೂ ಕೈಯಿಂದ ಎತ್ತಿದಳು. ಚಕ್ರಗಳು ಗಾಳಿಯಲ್ಲಿ ಚೀರುತ್ತಿದ್ದವು.

"ಬಂದೀನ್ರಿ," ಎಂದಳು, ಎದುರಿನ ಖಾಲಿ ನೆಲಕ್ಕೆ. "ತಡಾ ಆತು. ಬಂದೀನಿ."

ಇಂಧನದ ಸಣ್ಣ ನಳಿಗೆಯನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದಳು.

ಟಕ್.

ಎರಡೂ ನಿಂತವು.

ಅವಳು ಅಲ್ಲೇ ಬಹಳ ಹೊತ್ತು ಕೂತಿದ್ದಳು. ಅವನು ದೂರದಲ್ಲೇ ಒಂದು ಪ್ಲಾಟಿನ ಕಲ್ಲಿನ ಮೇಲೆ ಕೂತ. ಕೊನೆಗೆ ಅವಳು ಎದ್ದು ಬಂದಾಗ ಮುಖ ತೊಳೆದ ಹಾಗಿತ್ತು. ದುರಗೇಶ ಕಲ್ಲಿನಿಂದ ಎದ್ದು ನಿಂತ.

"ನಿಮ್ಮನ್ನ ಮದಿವಿ ಆಗಬೇಕಂತ ಐತ್ರಿ ನನಗ."

ಅವಳು ಕಾರನ್ನು ಡಬ್ಬಿಯಲ್ಲಿಟ್ಟು ಮುಚ್ಚಿದಳು. "ಇವತ್ತ ಬ್ಯಾಡ್ರಿ. ಇವತ್ತಿನ ದಿವಸ ಅವರದು. ನಾಳಿ ಕೇಳ್ರಿ."

ಮರುದಿನ ದುರಗೇಶ ಮೊದಲ ಬಸ್ಸು ಹತ್ತಿದ. ದವಾಖಾನೆಯ ಲ್ಯಾಬಿನ ಕಿಟಕಿಯ ಮುಂದೆ ಸಾಲಿತ್ತು. ಸಾಲಿನಲ್ಲೇ ನಿಂತ. ಅವನ ಸರದಿ ಬಂದಾಗ ಒಳಗೆ ಕೂತಿದ್ದ ಶೋಭಾರಾಣಿ ಚೀಟಿಗೆ ಕೈ ಚಾಚಿದವಳು ತಲೆಯೆತ್ತಿದಳು.

"ಚೀಟಿ ಎಲ್ರಿ?"

"ಚೀಟಿ ಇಲ್ರಿ. ಕೇಳಾಕ ಬಂದೀನಿ."

ಅವನ ಬೆನ್ನ ಹಿಂದೆ ನಿಂತಿದ್ದ ಮುದುಕಿ ಮೊಣಕೈಯಿಂದ ತಿವಿದಳು. "ಏನ ಕೇಳ್ತೀಯೋ ಲಗೂನ ಕೇಳಪಾ. ನನ್ನ ಹೊಟ್ಟಿ ಖಾಲಿ ಐತಿ, ರಕ್ತ ಕೊಡಬೇಕು."

ಶೋಭಾರಾಣಿಯ ಎಡಗೆನ್ನೆಯಲ್ಲಿ ಕುಳಿ ಬಿತ್ತು, ಹೋಯಿತು. ಅವಳು ಕಿಟಕಿಯ ಹತ್ತಿರ ಬಾಗಿ, ಅವನೊಬ್ಬನಿಗೇ ಕೇಳುವಂತೆ ಹೇಳಿದಳು.

"ರಾತ್ರಿ ಮನಿ ಭಾಳ ಸುಮ್ನ ಇತ್ರಿ. ಅಷ್ಟು ಸುಮ್ನ ಇರೋ ಮನ್ಯಾಗ ಒಬ್ಬಾಕಿ ಇರಾಕ ನನಗ ಅಂಜಿಕಿ ಬರ್ತೈತಿ." ಮುಂದಿದ್ದ ಚೀಟಿಗಳನ್ನು ಪಕ್ಕಕ್ಕೆ ಸರಿಸಿದಳು. "ನಮ್ಮಣ್ಣ ಕೊಟ್ರಪ್ಪ ಯಲಬುರ್ಗಾದಾಗ ಇರ್ತಾನ. ಅವನ ಮನಿಗೆ ಬರ್ರಿ. ಹ್ಞೂಂ ಅಂತ ಅಲ್ಲಿ ಎಲ್ಲಾರ ಮುಂದ ಹೇಳ್ತೀನಿ."