ಬ್ಯಾಡಗಿಯ ಅರ್ಧ ಲೀಟರು

ಶಂಖದ ಹೊಟ್ಟೆಯಂತೆ ಸುರುಳಿ ಸುತ್ತಿದ ಉಕ್ಕಿನ ಗೂಡಿನೊಳಗೆ ಶೈತ್ಯಾನಿಲವು ಗಿರ್ರನೆ ತಿರುಗುತ್ತಿತ್ತು. ಅನಿಲದ ಜೊತೆ ಕದ್ದು ಓಡಿಬಂದ ಎಣ್ಣೆಯ ಹನಿಗಳು ಆ ವೇಗಕ್ಕೆ ಗೋಡೆಗೆ ಸಿಡಿದು, ಸಣ್ಣ ಕಾಲುವೆಗಳಲ್ಲಿ ಇಳಿದು, ತಮ್ಮ ಮನೆಗೆ ತಾವೇ ಮರಳುತ್ತಿದ್ದವು. ೨೦೫೮ರ ಬೇಸಿಗೆಯಲ್ಲಿ, ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ, ಹತ್ತು ಸಾವಿರ ಚೀಲ ಮೆಣಸಿನಕಾಯಿ ಈ ಯಂತ್ರವನ್ನು ನಂಬಿ ತಣ್ಣಗೆ ಮಲಗಿತ್ತು.

ಯಂತ್ರದ ಹೆಸರು ತೈಲಸುಳಿ. ಅದನ್ನು ರೂಪಿಸಿದವರು ಮೈಸೂರಿನ ವಿಜ್ಞಾನಿ ಡಾ. ವಾರಿಜಾ. ತಂಪು ಮಾಡುವ ಯಾವ ಕಂಪ್ರೆಸರಿಗೂ ಎಣ್ಣೆ ಬೇಕು, ಇಲ್ಲದಿದ್ದರೆ ಅದರ ಭಾಗಗಳು ಒಂದಕ್ಕೊಂದು ಉಜ್ಜಿ ಸವೆಯುತ್ತವೆ. ಆದರೆ ಅನಿಲವನ್ನು ಅದುಮಿದಾಗಲೆಲ್ಲ ಸ್ವಲ್ಪ ಎಣ್ಣೆ ಮಂಜಾಗಿ ಅದರ ಬೆನ್ನು ಹತ್ತಿ ಹೊರಟುಬಿಡುತ್ತದೆ. ಹೋದದ್ದು ತಂಪಿನ ಕೊಳವೆಗಳೊಳಗೆ ಅಂಟಿ ಕೂರುತ್ತದೆ. ಇತ್ತ ಯಂತ್ರ ಒಣಗುತ್ತದೆ, ಅತ್ತ ತಂಪು ಕುಗ್ಗುತ್ತದೆ. ಈ ಪಲಾಯನವನ್ನು ತಡೆಯಲು ವಾರಿಜಾ ಹನ್ನೊಂದು ವರ್ಷ ಜೀವ ತೇದಿದ್ದರು.

ಪರೀಕ್ಷೆಗೆಂದು ಮೂವತ್ತು ಊರುಗಳಲ್ಲಿ ತೈಲಸುಳಿಯನ್ನು ಕೂರಿಸಲಾಗಿತ್ತು. ಒಂದೇ ಒಂದು ಯಂತ್ರ ಎಣ್ಣೆ ಕಳೆದುಕೊಂಡರೂ ವಿನ್ಯಾಸಕ್ಕೆ ಒಪ್ಪಿಗೆಯಿಲ್ಲವೆಂದು ತಜ್ಞರ ಸಮಿತಿ ಖಡಾಖಂಡಿತವಾಗಿ ಹೇಳಿತ್ತು. ವಾರಿಜಾ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮೂವತ್ತು ಮಾಪಕಗಳನ್ನೂ ಕಾಯುತ್ತಿದ್ದರು. ಇಪ್ಪತ್ತೊಂಬತ್ತರಲ್ಲಿ ನಷ್ಟ ಸೊನ್ನೆ. ಬ್ಯಾಡಗಿಯಲ್ಲಿ ಮಾತ್ರ ಮೊದಲ ತಿಂಗಳು ಸೊನ್ನೆಯಿದ್ದದ್ದು, ಆಮೇಲೆ ವಾರಕ್ಕೆ ಸರಿಯಾಗಿ ಅರ್ಧ ಲೀಟರು! ಸಮಿತಿಯ ಸಭೆ ಶುಕ್ರವಾರ. ಮಂಗಳವಾರ ಬೆಳಿಗ್ಗೆಯೇ ವಾರಿಜಾ ಬ್ಯಾಡಗಿಗೆ ಬಂದಿಳಿದರು.

ಮೆಣಸಿನಕಾಯಿ ಘಾಟಿಗೆ ಎಂಟು ಸಲ ಸೀನಿ, ಕಣ್ಣೊರೆಸಿಕೊಂಡು, ಒಂದೊಂದು ಬೆಸುಗೆಗೂ ಸೋಪಿನ ನೀರು ಹಚ್ಚಿ ನೋಡಿದರು. ಒಂದು ಗುಳ್ಳೆಯೂ ಏಳಲಿಲ್ಲ. ಶೈತ್ಯಾಗಾರದ ಮ್ಯಾನೇಜರ್ ನೀಲಾಂಬಿಕಾ ಹಿಂದೆ ಮುಂದೆ ಸುಳಿಯುತ್ತ, ಚಹಾ ತರಲೇ, ಮಜ್ಜಿಗೆ ತರಲೇ ಎಂದು ಮೂರು ಸಲ ಕೇಳಿದಳು. ನಲವತ್ತಾರರ ಗಟ್ಟಿಗಿತ್ತಿ. ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು.

"ಸೋಪು ಕದಡಲು ಒಂದು ಚಮಚ ಸಿಗುತ್ತದೆಯೇ?" ಎನ್ನುತ್ತ ವಾರಿಜಾ ಆಫೀಸಿನ ಕಪಾಟು ತೆರೆದರು.

"ಅದನ್ನ ತಗೀಬ್ಯಾಡ್ರಿ!" ಎಂದು ನೀಲಾಂಬಿಕಾ ಓಡಿಬರುವಷ್ಟರಲ್ಲಿ ತಡವಾಗಿತ್ತು. ಒಳಗೆ ಉಪ್ಪಿನಕಾಯಿಯ ಗಾಜಿನ ಬಾಟಲಿಗಳು ಹನ್ನೆರಡು. ಎಲ್ಲದರಲ್ಲೂ ಹೊಂಬಣ್ಣದ ಕಂಪ್ರೆಸರ್ ಎಣ್ಣೆ.

ವಾರಿಜಾ ಒಂದು ಬಾಟಲಿ ಎತ್ತಿ ಬೆಳಕಿಗೆ ಹಿಡಿದರು. "ಏನಮ್ಮಾ ಇದು? ನನ್ನ ಹನ್ನೊಂದು ವರ್ಷದ ದುಡಿಮೆ ಕಣಮ್ಮಾ!"

ನೀಲಾಂಬಿಕಾ ಸೆರಗಿನ ತುದಿ ಹಿಂಡತೊಡಗಿದಳು. "ಬೈಯಂಗಿಲ್ಲ ಅಂದ್ರ ಹೇಳ್ತೀನ್ರಿ. ಹಳೇ ಮಷೀನು ವಾರಕ್ಕೊಂದ್ ಲೀಟರ್ ಎಣ್ಣಿ ಕುಡೀತಿತ್ತು. ಎಣ್ಣಿ ಹಾಕಾಕ ಮೆಕ್ಯಾನಿಕ್ ಫಕ್ಕೀರೇಶ ಬಡಿಗೇರ ಅವರು ಮಂಗಳವಾರಕ್ಕೊಮ್ಮೆ ಬರ್ತಿದ್ರು. ನಾ ಎರಡು ರೊಟ್ಟಿ ಹೆಚ್ಚಿಗಿ ತರ್ತಿದ್ದೆ. ಏಳು ವರ್ಷ ಹಂಗ ನಡೀತ್ರಿ. ನಿಮ್ಮ ಹೊಸಾದು ಬಂತು, ಒಂದ್ ಹನಿ ಕುಡೀಲಿಲ್ಲ. ಒಂದ್ ತಿಂಗಳು ಅವರು ಈ ಕಡೆ ಹಾಯಲಿಲ್ಲ. ರೊಟ್ಟಿ ಡಬ್ಬ್ಯಾಗ ಉಳೀತಿದ್ವು."

"ಫೋನ್ ಮಾಡಿ ಕರೆಯಬಹುದಿತ್ತಲ್ಲ?"

"ಏನಂತ ಕರೀಲ್ರಿ? ಎಣ್ಣಿ ಕಡಿಮಿ ಆಗೇತಿ ಅಂತ ಕರೀಬೌದು. ನೀವಿಲ್ದ ಬ್ಯಾಸರಾಗೇತಿ ಅಂತ ಕರಿಯಾಕ ಬರತೈತೇನ್ರಿ? ಅದಕ್ಕ ಸೋಮವಾರಕ್ಕೊಮ್ಮೆ ತಳದ ನಲ್ಲಿ ತಿರುವಿ ಕಾಲು ಲೀಟರ್ ತಗದಿಡ್ತೀನಿ."

ವಾರಿಜಾರ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಇಳಿಯುವ ಮೊದಲೇ ತಲೆಯಲ್ಲಿ ಲೆಕ್ಕ ಎದ್ದು ನಿಂತಿತು. "ಕಾಲು ಲೀಟರೇ? ಹೋಗುತ್ತಿರುವುದು ಅರ್ಧ ಲೀಟರು. ಉಳಿದ ಕಾಲು?"

"ಆಣಿ ಮಾಡಿ ಹೇಳ್ತೀನಿ, ಅದು ನನಗ ಗೊತ್ತಿಲ್ರಿ."

ಹೊರಗೆ ಗಾಡಿ ನಿಂತ ಸದ್ದಾಯಿತು. ಫಕ್ಕೀರೇಶ ಬಂದಿದ್ದ. ಮೂವರು ತಂಗಿಯರ ಮದುವೆ ಮಾಡುತ್ತ ತನ್ನದನ್ನೇ ಮರೆತ, ಐವತ್ತರ ಹತ್ತಿರದ ಮಿತಭಾಷಿ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎಣ್ಣೆ ಕೆಲಸಕ್ಕೆ ಬರುವವನನ್ನು ವಾರಿಜಾ ಇದೇ ಮೊದಲು ನೋಡಿದ್ದು. ಇಬ್ಬರೂ ಹೆಂಗಸರು ಚೀಲಗಳ ಮರೆಯಲ್ಲಿ ನಿಂತರು. ಅವನು ಗುರುತಿನವರೆಗೆ ಎಣ್ಣೆ ತುಂಬಿಸಿದ, ಯಂತ್ರವನ್ನು ಬಟ್ಟೆಯಿಂದ ಒರೆಸಿದ. ಆಮೇಲೆ ಅತ್ತಿತ್ತ ನೋಡಿ, ಚೀಲದಿಂದ ನೀರಿನ ಬಾಟಲಿ ತೆಗೆದು, ತಳದ ನಲ್ಲಿಗೆ ಹಿಡಿದು ತುಂಬಿಸಿಕೊಂಡ!

"ಅಯ್ಯ ಶಿವನ! ನೀವೂ ಏನ್ರಿ?" ನೀಲಾಂಬಿಕಾ ತಡೆಯಲಾರದೆ ಕೂಗಿದಳು.

ಬಾಟಲಿ ಕೈಯಲ್ಲೇ ಉಳಿಯಿತು. ಫಕ್ಕೀರೇಶ ಬ್ಯಾಡಗಿ ಮೆಣಸಿನಕಾಯಿಗಿಂತ ಕೆಂಪಾದ. "ಕಾಲು ಲೀಟರ್‌ಗಿಂತ ಹೆಚ್ಚಿಗಿ ಎಂದೂ ತಗದಿಲ್ರಿ. ಮಷೀನಿಗೆ ತ್ರಾಸ ಆಗಬಾರ್ದಲ್ಲ. ಒಂದ್ ಹನಿ ಮಾರಿಲ್ಲ, ಎಲ್ಲಾ ಮನ್ಯಾಗ ಕ್ಯಾನಿನ್ಯಾಗ ಐತಿ. ಮುಂದಿನ ವಾರ ಕರೀತಾರೋ ಇಲ್ಲೋ ಅಂತ..."

"ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರಂತೆ!" ವಾರಿಜಾ ಹೊಟ್ಟೆ ಹಿಡಿದುಕೊಂಡು ನಕ್ಕರು. "ಏಳು ವರ್ಷ ಎದುರುಬದುರು ಕೂತು ರೊಟ್ಟಿ ತಿಂದು, ಒಂದು ಮಾತು ಆಡಲಿಲ್ಲವೇನ್ರೀ?"

"ರೊಟ್ಟಿ ಛಲೋ ಅದಾವ ಅಂತ ಹೇಳಿದ್ನಿರಿ," ಎಂದ ಫಕ್ಕೀರೇಶ, ಪ್ರಾಮಾಣಿಕವಾಗಿ. ನೀಲಾಂಬಿಕಾ ನಗುತ್ತ ಕಣ್ಣೊರೆಸಿಕೊಂಡಳು. ಈ ಸಲ ಘಾಟಿನ ತಪ್ಪಿರಲಿಲ್ಲ.

ಮಧ್ಯಾಹ್ನ ಕ್ಯಾನು ಬಂತು. ಕಪಾಟಿನ ಬಾಟಲಿಗಳ ಮೂರು ಲೀಟರು, ಇಂದಿನ ಬಾಟಲಿಯೂ ಸೇರಿ ಅವನ ಮೂರು ಲೀಟರು. ಮಾಪಕದ ಪ್ರಕಾರ ಹನ್ನೆರಡು ವಾರಗಳಲ್ಲಿ ಹೋದದ್ದು ಆರು ಲೀಟರು. ಎಲ್ಲವನ್ನೂ ಸುರಿದು ಅಳೆದರೆ ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ! ತೈಲಸುಳಿ ತಾನಾಗಿ ಏನನ್ನೂ ಕಳೆದಿರಲಿಲ್ಲ. ಯಾವ ಪ್ರಯೋಗಾಲಯವೂ ಮಾಡಲಾಗದ ಪರೀಕ್ಷೆಯನ್ನು ಈ ಇಬ್ಬರು ಕಳ್ಳರು ಅಷ್ಟು ನಿಷ್ಠೆಯಿಂದ ಮಾಡಿ ಮುಗಿಸಿದ್ದರು.

ಶುಕ್ರವಾರ ಸಮಿತಿಯ ಅಧ್ಯಕ್ಷರು ಆ ಆರು ಲೀಟರನ್ನು ಕಣ್ಣಾರೆ ನೋಡಿ, ವರದಿ ತಿರುವುತ್ತ ಒಂದು ಪುಟದಲ್ಲಿ ನಿಂತರು. "ಡಾ. ವಾರಿಜಾ, ನಷ್ಟದ ಕಾರಣವೇನೋ ತಿಳಿಯಿತು. ಇನ್ನು ಮುಂದೆ ಹಾಗಾಗದಂತೆ ಏನು ಕ್ರಮ ಕೈಗೊಂಡಿದ್ದೀರಿ? ಆ ಜಾಗ ಖಾಲಿ ಬಿಟ್ಟಿದ್ದೀರಿ."

"ಕೈಗೊಳ್ಳುತ್ತೇವೆ, ಸರ್," ಎಂದು ವಾರಿಜಾ ಚೀಲದಿಂದ ಅರಿಸಿನ ಹಚ್ಚಿದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು. "ವೈಶಾಖದಲ್ಲಿ ಮುಹೂರ್ತ. ತಾವೂ ಬಂದು ನಾಲ್ಕು ಅಕ್ಕಿಕಾಳು ಹಾಕಿದರೆ, ಬ್ಯಾಡಗಿಯ ಸೋರಿಕೆ ಶಾಶ್ವತವಾಗಿ ನಿಲ್ಲುತ್ತದೆ."