ಕಚ್ಚದ ಬೆಸುಗೆ

ಜೀಪಿನ ಕೆಳಗಿಂದ ಎರಡು ಪಾದಗಳಷ್ಟೇ ಕಾಣುತ್ತಿದ್ದವು.

"ಅಣ್ಣಾರ, ಮೀರಾಸಾಬರ ಮನಿ ಇದ ಏನ್ರಿ? ವೆಲ್ಡಿಂಗ್ ಮಾಡಾಕ ಬಾ ಅಂದಿದ್ರು," ಎಂದ ತೌಸಿಫ.

ಪಾದಗಳು ಅಲುಗಿದವು. ಕೆಳಗೆ ಮಲಗಿದ್ದ ಆಕೃತಿ ತೆವಳುತ್ತ ಹೊರಗೆ ಬಂತು. ಕೈಯಲ್ಲಿ ನಟ್ಟು ಬಿಚ್ಚುವ ಪಾನಾ, ಗಲ್ಲಕ್ಕೆ ಗ್ರೀಸು, ಓಢಣಿಯನ್ನು ಸೊಂಟಕ್ಕೆ ಬಿಗಿದು ಕಟ್ಟಿದ್ದಳು.

"ಅಣ್ಣಾರ ಅಲ್ರಿ. ಅಕ್ಕಾರ ಅಂದ್ರೂ ಸಿಟ್ಟು ಬರ್ತೈತಿ," ಎಂದಳು. "ಸುಲ್ತಾನಾ ನನ್ನ ಹೆಸರು. ಒಳಗ ಬರ್ರಿ."

ತೌಸಿಫ ವೆಲ್ಡಿಂಗ್ ಮಷೀನು ಇಳಿಸುವುದನ್ನೂ ಮರೆತು ನಿಂತ.

ಸುಲ್ತಾನಾ ದೇವರ ಹಿಪ್ಪರಗಿಯಲ್ಲಿ ದನದ ಡಾಕ್ಟರು. ಜೀಪು ಅವಳ ಅಬ್ಬಾ ಮೀರಾಸಾಬನದು. ಮೂವತ್ತು ವರ್ಷ ಇಂಡಿ, ಸಿಂದಗಿ ಅಂತ ಜನರನ್ನು ಹೊತ್ತು ತಿರುಗಿದ ಗಾಡಿ, ಅವನ ಮೊಣಕಾಲು ಕೈಕೊಟ್ಟ ಮೇಲೆ ತಗಡಿನ ಶೆಡ್ಡಿನಲ್ಲಿ ಸುಮ್ಮನೆ ನಿಂತಿತ್ತು. ಹೋದ ಮಳೆಗಾಲದಲ್ಲಿ ಎರೆಮಣ್ಣಿನಲ್ಲಿ ಸ್ಕೂಟಿ ಹೂತು, ಅವಳು ನಡೆದುಕೊಂಡು ಹೊಲದೊಳಗಿನ ಒಂದು ವಸ್ತಿ ಮುಟ್ಟುವಷ್ಟರಲ್ಲಿ ಎಮ್ಮೆ ಸತ್ತುಹೋಗಿತ್ತು. ಆವತ್ತಿನಿಂದ ಪ್ರತಿ ರವಿವಾರ ಅವಳು ಶೆಡ್ಡಿನಲ್ಲೇ. ಮೊಬೈಲಿನಲ್ಲಿ ವಿಡಿಯೋ ನೋಡುವುದು, ಬಿಚ್ಚುವುದು, ಕಟ್ಟುವುದು. ಬಾಗೇವಾಡಿಯ ಗುಜರಿಯಿಂದ ಗಟ್ಟಿ ಕಬ್ಬಿಣ ತಂದಿದ್ದಳು. ದೊಡ್ಡ ಹಲ್ಲಿನ ಟೈರು ಹಾಕಿದ್ದಳು. ಎಂಜಿನ್ ಗಾಳಿ ಎಳೆಯುವ ಪೈಪನ್ನು ನೀರು ತಾಗದಂತೆ ಟಾಪಿನವರೆಗೆ ಎತ್ತಿದ್ದಳು. ಇನ್ನು ಗಾಡಿಯನ್ನು ನಾಲ್ಕು ಇಂಚು ಮೇಲೆತ್ತಬೇಕು, ಅದಕ್ಕೆ ಭಾರ ಹೊರುವ ಸ್ಪ್ರಿಂಗ್ ಪಾಟಾ ಹಿಡಿಯುವ ಹೊಸ ಬ್ರಾಕೆಟ್ಟುಗಳನ್ನು ತಳದ ಚಾಸಿ ಚೌಕಟ್ಟಿಗೆ ಬೆಸೆಯಬೇಕು. ಅದೊಂದು ಅವಳ ಕೈಯಲ್ಲಿ ಆಗದ ಕೆಲಸ.

ನಾಲ್ಕು ಬ್ರಾಕೆಟ್ಟಿಗೆ ನಾಲ್ಕು ರವಿವಾರ ಹಿಡಿದವು. ಒಂದೇ ದಿನದ ಕೆಲಸ ಅಂತ ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಹೇಳಲಿಲ್ಲ.

"ಚಾ ಆರಾಕತ್ತೈತಿ, ಕುಡೀರಿ."

"ಇದೊಂದು ಟಾಕಾ ಹಾಕಿ ಕುಡೀತೇನಿ, ಡಾಕ್ಟ್ರ."

"ಹಂಗ ಅಂದು ಹೋದ ವಾರಾನೂ ತಣ್ಣಗಿಂದ ಕುಡುದ್ರಿ."

ನಾಲ್ಕನೆಯ ರವಿವಾರ ಕಡೆಯ ಬ್ರಾಕೆಟ್ಟು. ಸುಲ್ತಾನಾ ಅದನ್ನು ಇಕ್ಕಳದಲ್ಲಿ ಒತ್ತಿ ಹಿಡಿದು, ಬೆಳಕು ಬಡಿಯದಂತೆ ಮುಖ ತಿರುಗಿಸಿ ಕಣ್ಣು ಮುಚ್ಚಿದ್ದಳು. ಕಿವಿಯ ಹಿಂದೆ ಬೆವರಿಗೆ ಒಂದು ಎಳೆ ಕೂದಲು ಅಂಟಿತ್ತು. ಅವಳು ನೋಡುತ್ತಿಲ್ಲವಲ್ಲ ಎಂಬ ಧೈರ್ಯಕ್ಕೆ ತೌಸಿಫ ನೋಡುತ್ತಲೇ ಇದ್ದ. ಕೈ ತನ್ನಷ್ಟಕ್ಕೆ ರಾಡು ಹಚ್ಚಿತು. ಚಟಚಟ ಎಂದು ಕಿಡಿ ಹಾರುವ ಸದ್ದಿನಲ್ಲೇ ಅವನಿಗೆ ತಿಳಿಯಿತು. ಬೆಸುಗೆ ಕಬ್ಬಿಣದೊಳಕ್ಕೆ ಕಚ್ಚಿಲ್ಲ, ಮೇಲೆ ಮೇಲೆ ಹರಿದಿದೆ.

ಗ್ರೈಂಡರ್ ಹಿಡಿದು ಉಜ್ಜಿ ಮತ್ತೆ ಮಾಡಬೇಕಿತ್ತು. ಅಷ್ಟರಲ್ಲಿ ಸುಲ್ತಾನಾ ಕಣ್ಣು ತೆರೆದಳು.

"ಎಷ್ಟ್ ಚಂದ ಆಗೈತ್ರಿ! ನಿಮ್ಮ ಕೈ ಅಂದ್ರ ಕೈ," ಎಂದು ನಕ್ಕು, ತಣಿಯುವುದನ್ನೇ ಕಾದಿದ್ದು ಕರಿ ಬಣ್ಣ ಬಳಿದುಬಿಟ್ಟಳು.

ಅವನು ಗ್ರೈಂಡರ್ ಮುಟ್ಟದೆ ಮಷೀನಿನ ವೈರು ಸುತ್ತಿಕೊಂಡ.

ಸೋಮವಾರ ಊಟ ಸೇರಲಿಲ್ಲ. ಮಂಗಳವಾರ ಅಂಗಡಿಯಲ್ಲಿ ಯಾರದೋ ಗೇಟಿಗೆ ಅಳತೆ ತಪ್ಪಿ ಬೈಸಿಕೊಂಡ. ಹೇಳಿದರೆ ಅವಳು ಮತ್ತೆ ಕರೆಯಲಿಕ್ಕಿಲ್ಲ. ಹೇಳದಿದ್ದರೆ... ಆ ಮಾತನ್ನು ಮನಸ್ಸಿನಲ್ಲಿಯೂ ಮುಗಿಸಲಾಗಲಿಲ್ಲ. ಬುಧವಾರ ಬೆಳಗಿನಿಂದಲೇ ಮಳೆ ಹಿಡಿಯಿತು. ಮಧ್ಯಾಹ್ನ ತಡೆಯಲಾರದೆ ಫೋನು ಮಾಡಿದ. ಎತ್ತಿದವನು ಮೀರಾಸಾಬ.

"ಫೋನ್ ಮರತು ಹೋಗ್ಯಾಳಪಾ. ಹಳ್ಳದ ಆಚೆ ಮಾಳಿಂಗನ ವಸ್ತಿಯೊಳಗ ಆಕಳ ಈಯಾಕ ತ್ರಾಸ ಮಾಡ್ಕೊಂಡೈತಂತ. ನಿನ್ನೇನ ಪಾಟಾ ಕೂಡಿಸಿದ ಜೀಪ್ ತಗೊಂಡು ಈಗ ಹೊಂಟ್ಲು."

ತೌಸಿಫ ಕೈಗವಸೂ ತೆಗೆಯದೆ ಬೈಕು ಹತ್ತಿದ. ಡಾಂಬರು ಮುಗಿದು ನಾಲ್ಕು ಮಾರು ಹೋಗುವುದರೊಳಗೆ ಗಾಲಿಗೆ ಮಣ್ಣು ಮೆತ್ತಿ ಬೈಕು ನಿಂತೇ ಹೋಯಿತು. ಅದನ್ನು ಬೇಲಿಗೆ ಒರಗಿಸಿ, ಚಪ್ಪಲಿ ಬಿಟ್ಟು ಓಡಿದ. ಎದುರಿಗೆ ಜೀಪಿನ ಟೈರಿನ ಗುರುತು. ಪ್ರತಿ ತಿರುವಿನಲ್ಲಿಯೂ, ಇಲ್ಲಿ ಮಗುಚಿ ಬಿದ್ದಿರಬಹುದು ಎಂದು ಬೇಲಿಯಾಚೆ ಇಣುಕುತ್ತಿದ್ದ. ಕಡೆಗೆ ಹಳ್ಳದ ಇಳಿಜಾರು ಕಂಡಿತು. ಜೀಪು ದಂಡೆಯಲ್ಲಿ ನಿಂತಿತ್ತು. ಸುಲ್ತಾನಾ ಕೆಳಗಿಳಿದು ಕೋಲಿನಿಂದ ನೀರಿನ ಆಳ ನೋಡುತ್ತಿದ್ದಳು.

"ಇಳಸಬ್ಯಾಡ್ರಿ! ಡಾಕ್ಟ್ರ, ಗಾಡಿ ಇಳಸಬ್ಯಾಡ್ರಿ!"

ಅವಳು ಬೆಚ್ಚಿ ತಿರುಗಿದಳು. ಮೊಣಕಾಲ ಮಟ ಕೆಸರು ಮೆತ್ತಿಕೊಂಡು ನಿಂತವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಏನಾತ್ರಿ?"

"ಹಿಂದಿನ ಎಡಗಡೆ ಬ್ರಾಕೆಟ್... ಬೆಸುಗೆ ಕಚ್ಚಿಲ್ರಿ. ನನಗ ಆವತ್ತ ಗೊತ್ತಿತ್ತು."

ಸುಲ್ತಾನಾ ಕೆಸರಿನಲ್ಲೇ ಅಂಗಾತ ಮಲಗಿ ಟಾರ್ಚು ಹಿಡಿದಳು. ಕರಿ ಬಣ್ಣದ ನಡುವೆ ಕೂದಲೆಳೆಯಷ್ಟು ಬಿರುಕು, ಅಂಚಿನಿಂದ ಅಂಚಿಗೆ. ಎದ್ದಾಗ ಅವಳ ಮುಖ ಬಿಳಿಚಿತ್ತು.

"ನಡುಹಳ್ಳದಾಗ ಇದು ಕಿತ್ತಿದ್ರ?"

ತೌಸಿಫ ಬಗ್ಗಿ ತಾನೂ ಆ ಬಿರುಕನ್ನು ನೋಡಿದ.

"ಮೂರು ದಿನ ಯಾಕ ಸುಮ್ಮನಿದ್ರಿ?"

"ಹೇಳಿದ್ರ ಮತ್ತ ಕರಿಯಂಗಿಲ್ಲ ಅಂತ ಹೆದರಿಕಿ ಆತ್ರಿ."

"ಕೆಲಸ ಬಲ್ಲವರು ನೀವು. ಹೆಂಗ ತಪ್ಪಿತು?"

ಮಳೆಯ ನೀರು ಅವನ ರೆಪ್ಪೆಯಿಂದ ಇಳಿಯುತ್ತಿತ್ತು. "ನಿಮ್ಮನ್ನ ನೋಡಾಕತ್ತಿದ್ನಿ," ಎಂದ. ದನಿ ಅವನಿಗೇ ಕೇಳಿಸಲಿಲ್ಲ.

ಅವಳಿಗೆ ಕೇಳಿಸಿತು. ಸಿಟ್ಟು ಹಾಗೇ ಇತ್ತು, ಆದರೆ ಅದನ್ನು ಎಲ್ಲಿ ಇಡುವುದೆಂದು ತಿಳಿಯದವಳಂತೆ ಹಳ್ಳದ ಕಡೆ ನೋಡಿದಳು. ಆಮೇಲೆ ಔಷಧದ ಪೆಟ್ಟಿಗೆ ತೆಗೆದು ಅವನ ಕೈಗೆ ಕೊಟ್ಟಳು.

"ನೀರು ತೊಡಿಮಟ ಐತಿ. ನಡಕೋತ ದಾಟೂಣು. ಆಕಳ ಕಾಯಂಗಿಲ್ಲ."

ಪೆಟ್ಟಿಗೆ ತಲೆಯ ಮೇಲಿಟ್ಟುಕೊಂಡು ಅವನು ಮುಂದೆ ಹೊರಟ. ನಡುವೆ ಸೆಳೆತಕ್ಕೆ ಅವಳ ಕಾಲು ಜಾರಿದಾಗ ಅವಳೇ ಅವನ ತೋಳು ಹಿಡಿದಳು. ಆಚೆಯ ದಂಡೆ ಹತ್ತುವವರೆಗೂ ಬಿಡಲಿಲ್ಲ.

ವಸ್ತಿಯಲ್ಲಿ ಆಕಳ ಹೊಟ್ಟೆಯೊಳಗೆ ಕರುವಿನ ಕಾಲು ಮಡಚಿಕೊಂಡಿತ್ತು. ಸುಲ್ತಾನಾ ಒಳಗೆ ಕೈಹಾಕಿ ಅದನ್ನು ಸರಿಪಡಿಸಿ ಹಗ್ಗ ಕಟ್ಟಿದಳು. ಅವಳು "ಈಗ" ಎಂದಾಗಲೆಲ್ಲ ಮಾಳಿಂಗ, ತೌಸಿಫ ಇಬ್ಬರೂ ಎಳೆದರು. ಈ ಸಲ ಅವನ ಕಣ್ಣು ಹಗ್ಗ ಬಿಟ್ಟು ಅತ್ತಿತ್ತ ಹೋಗಲಿಲ್ಲ. ಅರ್ಧ ಗಂಟೆಯ ಮೇಲೆ ಕರು ಹೊರಬಂದು ಸೀನಿತು. ಮಾಳಿಂಗ ಮುಗಿದ ಕೈ ಹಣೆಗೆ ಹಚ್ಚಿ ಕೂತೇ ಬಿಟ್ಟ.

ದನ ಕಟ್ಟುವ ದಂದಕ್ಕಿಯ ಹೊರಗೆ ತೌಸಿಫ ಬಿಂದಿಗೆ ಬಗ್ಗಿಸಿ ಅವಳ ಕೈಗೆ ನೀರು ಹಾಕುತ್ತಿದ್ದ. ಮಳೆ ನಿಂತಿತ್ತು.

"ಅಬ್ಬಾಗ ನೀವ ಹೇಳ್ರಿ," ಎಂದಳು ಅವಳು, ಬೆರಳು ತಿಕ್ಕುತ್ತ.

"ಬೆಸುಗಿದೇನ್ರಿ?"

"ಎರಡೂ. ಮೊದಲ ಬೆಸುಗಿದು. ಅದಕ್ಕ ಬೈಸ್ಕೊಂಡ್ ಮ್ಯಾಲ ಎರಡನೇದು, ಯಾರನ್ನ ನೋಡಾಕತ್ತಿದ್ರಿ ಅನ್ನೂದು."

ಬಿಂದಿಗೆ ವಾಲಿ ನೀರು ಅವಳ ಕಾಲಿಗೆ ಬಿತ್ತು.

"ಎರಡನೇದಕ್ಕ ಅವರು ಒಲ್ಲೆ ಅಂದ್ರ?"

ಸುಲ್ತಾನಾ ಕೈ ಕೊಡವಿ, ಮೊದಲ ಸಲ ಅವನನ್ನು ನೇರವಾಗಿ, ಕಣ್ಣು ತಪ್ಪಿಸದೆ ನೋಡಿದಳು.

"ಅಂದ್ರ, ಅಬ್ಬಾಗ ನಾನ ಕೇಳ್ತೇನಿ."