ಒಂದು ಹಾಳೆ ಹೆಚ್ಚಿಗೆ

ಗಂಡನ ಹೆಸರಿಗೆ ಮಸಿ ಬಳಿದ ವರದಿಯನ್ನು ಟೈಪು ಮಾಡಿದವಳು ಶೋಭಾರಾಣಿಯೇ. ಕಂಬಿ ಕಾರ್ಖಾನೆಯ ಜನರಲ್ ಮ್ಯಾನೇಜರ್ ಕೆಂಪಸಿದ್ದಯ್ಯನವರು ಕುರ್ಚಿಗೆ ಒರಗಿ, ಕಣ್ಣು ಮುಚ್ಚಿಕೊಂಡು, ಒಂದೊಂದೇ ವಾಕ್ಯ ಹೇಳುತ್ತ ಹೋದರು. ಅವಳು ಬಡಿಯುತ್ತ ಹೋದಳು. ಮಳೆಯಲ್ಲಿ ನೆನೆದ ಗುಜರಿ ಕಬ್ಬಿಣವನ್ನು ಫೋರ್‌ಮನ್ ನಿಂಗಯ್ಯ ಯಾರನ್ನೂ ಕೇಳದೆ ಫರ್ನೇಸಿಗೆ ಹಾಕಿಸಿದ್ದರಿಂದ ಕರಗಿದ ಉಕ್ಕು ಸಿಡಿದು ಕಾರ್ಮಿಕ ಮುದ್ದಯ್ಯ ಮೃತಪಟ್ಟಿದ್ದಾನೆ, ಎಂದು. ‘ಯಾರನ್ನೂ ಕೇಳದೆ’ ಎಂಬಲ್ಲಿ ಅವಳ ಬೆರಳು ನಿಂತಿತು. ಸಾಹೇಬರು ಕಣ್ಣು ತೆರೆಯಲಿಲ್ಲ.

“ಮುಂದಕ್ಕೆ ಹೋಗು ಕಣಮ್ಮ,” ಎಂದರು.

ಅವಳು ಮುಂದಕ್ಕೆ ಹೋದಳು.

ನಡೆದದ್ದೇ ಬೇರೆ. ಆ ಬೆಳಗ್ಗೆ ಸಾಹೇಬರೇ ಫರ್ನೇಸಿನ ಹತ್ತಿರ ಬಂದಿದ್ದರು. ಒಣಗುವವರೆಗೆ ಕಾಯೋಣ ಎಂದ ನಿಂಗಯ್ಯನಿಗೆ, ‘ಹಾಕ್ಸಯ್ಯ, ನಾನಿಲ್ವಾ’ ಎಂದಿದ್ದರು. ಕೈಗೆ ಸುತ್ತಿದ ಬ್ಯಾಂಡೇಜು ನೋಡಿಕೊಳ್ಳುತ್ತ ನಿಂಗಯ್ಯ ಇದನ್ನು ಹೆಂಡತಿಗೆ ಹೇಳಿದಾಗ ಅವಳು ಧೈರ್ಯ ತುಂಬಿದ್ದಳು. ಸಾಹೇಬರು ಸುಳ್ಳಾಡುವವರಲ್ಲ, ನಾನು ದಿನಾ ನೋಡುತ್ತಿಲ್ಲವೇ, ವಿಚಾರಣೆಯಲ್ಲಿ ಇದ್ದದ್ದು ಇದ್ದ ಹಾಗೆ ಹೇಳುತ್ತಾರೆ ಅಂದಿದ್ದಳು. ಎಂಥ ನಂಬಿಕೆ! ಆ ನಂಬಿಕೆ ನೆನೆದರೆ ಇವತ್ತಿಗೂ ಅವಳಿಗೆ ತನ್ನ ಮೇಲೇ ಅಸಹ್ಯವಾಗುತ್ತಿತ್ತು.

ನಿಂಗಯ್ಯನ ಕೆಲಸ ಹೋಯಿತು. ಅವಳದನ್ನು ಸಾಹೇಬರು ಉಳಿಸಿದರು, ನಿಮ್ಮ ಮನೆ ಒಲೆಯೂ ಉರಿಯಬೇಕಲ್ಲ ಎಂದು ಉಪಕಾರದ ದನಿಯಲ್ಲಿ. ಅವರು ನಿವೃತ್ತರಾಗುವವರೆಗೂ ಅವಳು ಅದೇ ಮೇಜಿನ ಮುಂದೆ ಕೂತು ಆ ಅನ್ನ ತಿಂದಳು. ನಿಂಗಯ್ಯ ಹನಕೆರೆಯ ಮನೆಯ ಹಿಂದೆ ನಾಲ್ಕು ಬಂಡೂರು ಕುರಿ ಕಟ್ಟಿಕೊಂಡ. ಮದುವೆ, ತಿಥಿ, ನಾಮಕರಣ, ಎಲ್ಲಿಗೂ ಹೋಗಲಿಲ್ಲ. ಸತ್ತ ಮುದ್ದಯ್ಯನ ಹೆಂಡತಿ ಚಿಕ್ಕನಂಜಮ್ಮ ಕೊಪ್ಪದಲ್ಲಿ ಬಸ್ಸು ಹತ್ತಿದರೆ ಇವನು ಮುಂದಿನ ನಿಲ್ದಾಣದಲ್ಲಿ ಇಳಿದುಬಿಡುತ್ತಿದ್ದ. ಇಪ್ಪತ್ತು ವರ್ಷವಾದರೂ ಇಳಿಯುತ್ತಲೇ ಇದ್ದ.

ಈ ಬೇಸಿಗೆಯಲ್ಲಿ ಕೆಂಪಸಿದ್ದಯ್ಯನವರು ತೀರಿಕೊಂಡರು. ಅವರ ಕಾಗದಪತ್ರಗಳನ್ನೆಲ್ಲ ಮಂಡ್ಯದ ಒಂದು ಕಾಲೇಜಿಗೆ ಕೊಡುವುದೆಂದೂ, ಅಲ್ಲಿ ಅವರ ಹೆಸರಿನಲ್ಲಿ ಕಾರ್ಖಾನೆಯವರೇ ಒಂದು ಕೋಣೆ ಕಟ್ಟಿಸಿಕೊಡುವುದೆಂದೂ ತೀರ್ಮಾನವಾಯಿತು. ಸಾಹೇಬರ ಮಗಳು ಚಂದನ ಮಳವಳ್ಳಿಯ ಕಾಲೇಜಿನಲ್ಲಿ ಪಾಠ ಮಾಡುವವಳು. ಅಪ್ಪನ ಕಾಗದ ನಿಮ್ಮಷ್ಟು ಯಾರಿಗೆ ಗೊತ್ತು ಶೋಭಕ್ಕ, ನೀವೇ ವಿಂಗಡಿಸಿಕೊಡಿ ಎಂದು ಮದ್ದೂರಿನ ಮನೆಯ ಬೀಗದ ಕೈಯನ್ನೇ ಕೊಟ್ಟು ಹೋದಳು.

ಶೋಭಾರಾಣಿ ಮೊದಲು ಪ್ರಾಮಾಣಿಕವಾಗಿಯೇ ಹುಡುಕಿದಳು. ಗುಜರಿ ವ್ಯಾಪಾರಿಗಳ ಜೊತೆಗಿನ ಪತ್ರಗಳಿದ್ದವು, ಉತ್ಪಾದನೆಯ ವರದಿಗಳಿದ್ದವು, ಹೆಂಡತಿ ತವರಿನಿಂದ ಬರೆದ ಕಾಗದಗಳಿದ್ದವು, ಜಾತಕವಿತ್ತು, ಸಾಕಿದ ನಾಯಿಗೆ ಚುಚ್ಚುಮದ್ದು ಹಾಕಿಸಿದ ಚೀಟಿಯೂ ಇತ್ತು. ಆ ಬೆಳಗ್ಗೆಯ ಬಗ್ಗೆ ಒಂದಕ್ಷರವಿಲ್ಲ. ನಾಯಿಗೆ ಸಿಕ್ಕ ಜಾಗ ನಿಂಗಯ್ಯನ ಸತ್ಯಕ್ಕೆ ಸಿಕ್ಕಿರಲಿಲ್ಲ. ಇಲ್ಲದ ಆದೇಶದ ಕಾಗದವನ್ನು ತಾನೇ ಹುಟ್ಟಿಸುವುದೆಂದು ನಿರ್ಧರಿಸಿದ್ದು ಆಗಲೇ.

ಹುಟ್ಟಿಸುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಕಾರ್ಖಾನೆಗೆ ಕಂಪ್ಯೂಟರ್ ಬಂದಾಗ ಸಾಹೇಬರು ಟೈಪ್‌ರೈಟರನ್ನು ಮನೆಗೆ ತಂದಿಟ್ಟುಕೊಂಡಿದ್ದರು. ಅದು ಅಟ್ಟದ ಮೇಲಿತ್ತು, ರಿಬ್ಬನ್ ಸಮೇತ. ಆ ಕಾಲದ ತೆಳು ಹಾಳೆ, ಕಾರ್ಬನ್ ಪೇಪರ್ ಬೀರುವಿನಲ್ಲಿದ್ದವು. ಮೂಲ ಆದೇಶವನ್ನು ಹುಟ್ಟಿಸಹೋಗುವವರು ದಡ್ಡರು, ಅದಕ್ಕೆ ಸಹಿ ಬೇಕು, ಸಹಿಯನ್ನು ತಜ್ಞರು ನೋಡುತ್ತಾರೆ. ಅವಳು ಕಾರ್ಬನ್ ಪ್ರತಿಯನ್ನು ಮಾತ್ರ ಹುಟ್ಟಿಸುತ್ತಾಳೆ. ಮೂಲ ಪ್ರತಿ ಫರ್ನೇಸಿನ ಹತ್ತಿರ ಸುಟ್ಟುಹೋಯಿತೆಂದು ಜನ ತಾವೇ ಅಂದುಕೊಳ್ಳಲಿ. ಪ್ರತಿಯ ಮೂಲೆಯಲ್ಲಿ ಸಾಹೇಬರು ಹಸಿರು ಇಂಕಿನಲ್ಲಿ ಒಂದು ಗೀಟು ಎಳೆಯುತ್ತಿದ್ದರು, ಅಷ್ಟೇ. ಗೀಟು ಎಳೆಯಲು ಯಾರಿಗೆ ಬರುವುದಿಲ್ಲ?

ಸಾಹೇಬರ ಕಾಗದದ ಶಿಸ್ತು ಅವಳಿಗೆ ಬಾಯಿಪಾಠ. ಎಡಗಡೆ ಎರಡು ಬೆರಳಿನಷ್ಟು ಜಾಗ ಬಿಡಬೇಕು. ತಾರೀಕು ಕೊನೆಯಲ್ಲಿ ಬರಬೇಕು. ಒಂದಕ್ಷರ ಹೊಡೆದು ತಿದ್ದಿದ್ದರೂ ಹಾಳೆ ಬುಟ್ಟಿಗೆ. ಹೊಸ ವರ್ಷದ ಮೊದಲ ಫೈಲಿಗೆ ಅವಳು ಅರಿಶಿನ ಹಚ್ಚಿದ್ದಕ್ಕೆ, ಇದೇನು ಲಗ್ನಪತ್ರಿಕೆಯೇ ಎಂದು ಗುಮಾಸ್ತರ ಮುಂದೆ ನಗಾಡಿ, ಎಲ್ಲವನ್ನೂ ಮತ್ತೆ ಟೈಪು ಮಾಡಿಸಿದ್ದರು. ಅವರ ಭಾಷೆಯೂ ಗೊತ್ತು: ಮೋಟು ವಾಕ್ಯ, ದಯವಿಟ್ಟು ಎನ್ನುವ ಪದವೇ ಇಲ್ಲ. ಚಂದನ ಮಳವಳ್ಳಿಗೆ ಹೋಗಿದ್ದ ಒಂದು ಮಧ್ಯಾಹ್ನ ಅವಳು ಕೂತು ಬಡಿದಳು. ‘ನಿಂಗಯ್ಯನಿಗೆ. ಅಂಗಳದಲ್ಲಿರುವ ಗುಜರಿಯನ್ನೇ ಹಾಕುವುದು. ಒಣಗುವವರೆಗೆ ಕಾಯಕೂಡದು. ಜವಾಬ್ದಾರಿ ನನ್ನದು.’ ಕೊನೆಯ ವಾಕ್ಯ ಬಡಿಯುವಾಗ ಅವಳಿಗೆ ಅಳು ಬಂತು. ಇದೊಂದು ಮಾತನ್ನು ಅವತ್ತು ಆ ಮನುಷ್ಯ ಬಾಯಿಬಿಟ್ಟು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು?

ಸಾಹೇಬರ ಸೀಸೆಯಲ್ಲಿ ಒಣಗಿದ್ದ ಹಸಿರು ಇಂಕಿಗೆ ನಾಲ್ಕು ಹನಿ ನೀರು ಬೆರೆಸಿ ಗೀಟು ಎಳೆದಳು. ಹಾಳೆ ತೀರ ಗರಿಗರಿಯಾಗಿ ಕಂಡಿದ್ದರಿಂದ ಮನೆಗೆ ಒಯ್ದು ಅಕ್ಕಿ ಡಬ್ಬದ ಕೆಳಗೆ ಕೆಲವು ದಿನ ಬಿಟ್ಟಳು. ತಕ್ಕಷ್ಟು ಮೆತ್ತಗಾಯಿತು. ಹಿಂದಿರುಗಿಸುವ ದಿನ ಬೆಳಗ್ಗೆ ಸ್ನಾನ ಮಾಡಿ, ದೀಪ ಹಚ್ಚಿ, ಹಾಳೆಯನ್ನು ಮನೆದೇವರ ಪಟದ ಮುಂದಿಟ್ಟಳು. ಈ ಮನೆಯ ಮರ್ಯಾದೆ ವಾಪಸು ಕೊಡಪ್ಪಾ ಎಂದು ಬೇಡಿಕೊಂಡು, ತನ್ನ ಮಗಳ ಅಂಕಪಟ್ಟಿಗೂ ಮನೆಯ ಹಕ್ಕುಪತ್ರಕ್ಕೂ ಮಾಡಿದ್ದನ್ನೆಲ್ಲ ಇದಕ್ಕೂ ಮಾಡಿ, ಕವರಿಗೆ ಹಾಕಿಕೊಂಡು ರೈಲು ಹತ್ತಿದಳು. ಚಂದನ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದಾಗ ಹಾಳೆ ಆ ವರ್ಷದ ಫೈಲಿನೊಳಗೆ, ಎರಡು ಗುಜರಿ ಪತ್ರಗಳ ನಡುವೆ ಸೇರಿತು. ಕಂಡುಹಿಡಿಯುವುದು ಅವಳ ಕೆಲಸವಲ್ಲ. ಕಾಲೇಜಿನವರೋ ಕಾರ್ಖಾನೆಯವರೋ ಕಂಡುಹಿಡಿಯಲಿ. ಆಗಲೇ ಅದಕ್ಕೆ ತೂಕ.

ಪೆಟ್ಟಿಗೆಗಳು ಮಂಡ್ಯಕ್ಕೆ ಹೋದವು. ಕೋಣೆಯ ಉದ್ಘಾಟನೆಗೆ ನಿಂಗಣ್ಣನನ್ನು ಕರೆದುಕೊಂಡೇ ಬರಬೇಕು, ಮುಂದಿನ ಸಾಲಿನಲ್ಲಿ ಕುರ್ಚಿ ಇಡಿಸಿದ್ದೇನೆ, ಚಿಕ್ಕನಂಜಮ್ಮನವರೂ ಬರುತ್ತಾರೆ ಎಂದು ಚಂದನ ಫೋನು ಮಾಡಿದಾಗ ಶೋಭಾರಾಣಿಗೆ ಖಾತ್ರಿಯಾಯಿತು: ಸಿಕ್ಕಿದೆ! ನಿಂಗಯ್ಯ ಮಾತ್ರ ಕುರಿಗೆ ಸೊಪ್ಪು ಹಾಕುತ್ತಲೇ ತಲೆಯಾಡಿಸಿದ.

“ಬುಡು ಸೋಬ. ಆ ಯಮ್ಮನ್ ಮಕ ಎಂಗ್ ನೋಡ್ಲಿ ನಾನು?”

“ಇವತ್ತು ನೀವ್ ತಲೆ ತಗ್ಸೋ ದಿನ ಅಲ್ಲ. ನನ್ ಮಾತ್ ಕೇಳಿ, ಬನ್ನಿ,” ಎಂದಳು. ಹಾಳೆಯ ಸುದ್ದಿ ಎತ್ತಲಿಲ್ಲ.

ಅವನು ಗಡ್ಡ ಹೆರೆಸಿಕೊಂಡು ಬಂದ. ತನ್ನ ಮಗಳು ಕೊಡಿಸಿದ್ದ, ಒಮ್ಮೆಯೂ ತೊಡದ ಬಿಳಿ ಅಂಗಿ ಹಾಕಿಕೊಂಡ. ಮಂಡ್ಯದಲ್ಲಿ ಮುಂದಿನ ಸಾಲಿನ ಕುರ್ಚಿಯ ತುದಿಯಲ್ಲಿ ಕೂತ. ಒಂದು ಕುರ್ಚಿ ಬಿಟ್ಟು ಚಿಕ್ಕನಂಜಮ್ಮ ಕೂತಿದ್ದಳು. ಇಬ್ಬರೂ ವೇದಿಕೆಯನ್ನೇ ನೋಡುತ್ತಿದ್ದರು. ಶೋಭಾರಾಣಿ ಕಣ್ತುಂಬ ನೋಡುತ್ತಿರುವಾಗಲೇ ಚಂದನ ಬಂದು ಅವಳನ್ನು ಕಾಗದಗಳ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿದಳು. ಚಂದನಳ ಕಣ್ಣು ಕೆಂಪಗಿತ್ತು.

“ಸಾಯೋ ಮೊದ್ಲು ಅಪ್ಪ ನನ್ ಕೈ ಹಿಡ್ಕೊಂಡು ಹೇಳಿದ್ರು ಶೋಭಕ್ಕ. ‘ಹಾಕ್ಸು ಅಂದಿದ್ದು ನಾನೇ, ಬಾಯಲ್ಲಿ ಅಂದಿದ್ದು, ಕಾಗದ ಇಲ್ಲ’ ಅಂತ. ಇವತ್ತು ಎಲ್ಲರ ಮುಂದೆ ಅದನ್ನೇ ಹೇಳೋಳಿದ್ದೆ. ನಿಂಗಣ್ಣನ ಕ್ಷಮೆ ಕೇಳೋಕೆ ಕಾರ್ಖಾನೆಯೋರನ್ನೂ ಒಪ್ಸಿದ್ದೆ.”

ಹಾಗಾದರೆ ಆ ಮನುಷ್ಯ ಕೊನೆಗಾದರೂ ಹೇಳಿದ್ದ. ಶೋಭಾರಾಣಿ ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ಪೆಟ್ಟಿಗೆ ತುಂಬಿಕೊಟ್ಟಿದ್ದರೆ ಸಾಕಿತ್ತು. ಚಂದನ ಮುಂದಿನದನ್ನು ಹೇಳಿದಳು. ಇವತ್ತು ಬೆಳಗ್ಗೆ ಕಾರ್ಖಾನೆಯವರು ಪೆಟ್ಟಿಗೆ ಬಿಚ್ಚಿ ನೋಡಿದ್ದರು. ಆ ವರ್ಷದ ಫೈಲಿನಲ್ಲಿ ಒಂದು ಆದೇಶ ಸಿಕ್ಕಿತ್ತು. ಅದು ಸುಳ್ಳು ಕಾಗದ, ಅಂದಮೇಲೆ ಸಾಹೇಬರ ಮಗಳು ಹೇಳುವ ಕತೆಯೂ ಕಾಗದ ವಿಂಗಡಿಸಿದ ಈ ಹೆಂಗಸೇ ಹೇಳಿಕೊಟ್ಟದ್ದು ಎಂದು ಅವರು ಕ್ಷಮೆಯ ಮಾತನ್ನೇ ಹಿಂದಕ್ಕೆ ತೆಗೆದುಕೊಂಡಿದ್ದರು. ಇನ್ನು ತಾನು ವೇದಿಕೆಯ ಮೇಲೆ ಏನು ಹೇಳಿದರೂ ಅದನ್ನು ನಿಂಗಣ್ಣನ ಹೆಂಡತಿ ಕಟ್ಟಿದ್ದೆಂದೇ ಜನ ಅನ್ನುತ್ತಾರೆ ಎಂದಳು.

“ಒಂದೇ ಒಂದ್ ಸಲ ನನ್ನ ಕೇಳ್ಬಾರ್ದಿತ್ತಾ?” ಎಂದಳು.

ಶೋಭಾರಾಣಿ ಸಾವರಿಸಿಕೊಂಡಳು. ಸುಳ್ಳು ಎನ್ನಲು ಅವರಿಗೆ ಆಧಾರವೇನು? ಮೆಷೀನು ಆಫೀಸಿನದು, ಹಾಳೆ ಆ ಕಾಲದ್ದು, ಮಾತು ಸಾಹೇಬರದು, ತಪ್ಪು ಹುಡುಕಲಿ ನೋಡೋಣ. ದನಿ ಗಟ್ಟಿ ಮಾಡಿಕೊಂಡು ಇಷ್ಟನ್ನೂ ಕೇಳಿಯೇಬಿಟ್ಟಳು. ಹೊರಗೆ ಮೈಕು ಪರೀಕ್ಷಿಸುತ್ತಿದ್ದರು. ಕಿಟಕಿಯಿಂದ ನಿಂಗಯ್ಯನ ಬಿಳಿ ಅಂಗಿ ಕಾಣುತ್ತಿತ್ತು.

ಚಂದನ ಫೈಲು ತೆರೆದು, ಆ ಹಾಳೆಯನ್ನು ಟ್ಯೂಬ್‌ಲೈಟಿನ ಕೆಳಗೆ ಮೇಜಿನ ಮೇಲೆ ಇಟ್ಟಳು. ಹಿಂದೆಮುಂದೆ ಇದ್ದ ಇಪ್ಪತ್ತು ವರ್ಷದ ಕಾಗದಗಳೆಲ್ಲ ಮಾಸಿ ಕಂದಾಗಿದ್ದವು. ಇದೊಂದರ ನಾಲ್ಕು ಮೂಲೆಗಳಲ್ಲಿ ಮಾತ್ರ, ಯಾವ ಶುಭದ ಕಾಗದಕ್ಕಾದರೂ ಅವಳ ಬೆರಳು ತಾನಾಗಿಯೇ ಹಚ್ಚುವ ಅರಿಶಿನವಿತ್ತು, ನಿನ್ನೆ ಮೊನ್ನೆ ಹಚ್ಚಿದಷ್ಟು ಹಳದಿಯಾಗಿ.